ನೆರೆಯವನ ಹೊಸ್ತಿಲ ಮೇಲೆ ಸವಾಲು ಕೂಗುವುದು ಕಾಯಕವಲ್ಲ



ಬ್ಯಾಂಕು ಜಪ್ತಿ ಮಾಡಿದ ಮನೆಯನ್ನು ಲಿಲಾವಿನಲ್ಲಿ ಅಗ್ಗಕ್ಕೆ ಹಿಡಿದು, ಆರು ತಿಂಗಳು ಬಿಟ್ಟು ದುಬಾರಿಗೆ ಮಾರುವುದೂ ಒಂದು ಕಾಯಕವೇ ಎಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ರೂಢಿಗೆ ಬಂದಿದೆ. ಬೈಲಹೊಂಗಲದ ಬಜಾರದಲ್ಲಿ ಇದನ್ನು ಕೇಳಿದ್ದೇನೆ. ಕಿತ್ತೂರಿನ ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಕೇಳಿದ್ದೇನೆ. ಸವದತ್ತಿ, ರಾಮದುರ್ಗಗಳಲ್ಲಿ ಲಗ್ನದ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ಯಾರೋ ಹೊರಗಿನವರು ಹೇಳಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ ಧರಿಸಿದವರು ಬಸವಣ್ಣನವರ ಹೆಸರನ್ನೇ ಸಾಕ್ಷಿಗೆ ಕರೆದು ಹೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ವ್ಯಾಪಾರ ಎನ್ನಿರಿ, ಹೂಡಿಕೆ ಎನ್ನಿರಿ, ಜಾಣತನ ಎನ್ನಿರಿ. ಕಾಯಕ ಎಂಬ ಶಬ್ದವನ್ನು ಮಾತ್ರ ಇದಕ್ಕೆ ಹಚ್ಚಬೇಡಿರಿ.

ನಾನು ದಸ್ತಾವೇಜು ಬರೆಯುವವನು. ಮೂವತ್ತು ವರ್ಷ ಖರೀದಿ ಪತ್ರ, ಗಹಾಣ ಪತ್ರ, ವಾಟ್ನಿ ಪತ್ರ ಬರೆದು ಹೊಟ್ಟೆ ಹೊರೆದಿದ್ದೇನೆ. ಮನೆ ಕಟ್ಟಿದವರ ಉತಾರವೂ ನನ್ನ ಕೈಯಲ್ಲಿ ಹಾದುಹೋಗುತ್ತದೆ, ಮನೆ ಕಳೆದುಕೊಂಡವರ ಉತಾರವೂ ಹಾದುಹೋಗುತ್ತದೆ. ಬ್ಯಾಂಕಿನ ಮಾರಾಟ ಪ್ರಮಾಣ ಪತ್ರ ಹಿಡಿದುಕೊಂಡು ಬರುವವರು ಮೊದಲು ವರ್ಷಕ್ಕೊಬ್ಬರು ಇಬ್ಬರು ಇದ್ದರು. ಈಗ ಅದೇ ನಾಲ್ಕೈದು ಮುಖಗಳು ಮೇಲಿಂದ ಮೇಲೆ ಬರುತ್ತವೆ. ಪ್ರತಿ ಸಲ ಊರು ಬೇರೆ, ಮನೆ ಬೇರೆ, ಅಳುವವರು ಬೇರೆ. ಕೊಳ್ಳುವವರು ಅವರೇ.

ಈ ವ್ಯಾಪಾರ ನಡೆಯುವ ರೀತಿಯನ್ನು ಗೊತ್ತಿಲ್ಲದ ಶರಣರಿಗಾಗಿ ಹೇಳುತ್ತೇನೆ. 2002ರಲ್ಲಿ ಕೇಂದ್ರ ಸರಕಾರ ತಂದ ಕಾಯ್ದೆಯನ್ನು ಎಲ್ಲರೂ ಸರ್ಫೇಸಿ ಎಂದು ಕರೆಯುತ್ತಾರೆ. ಮನೆ ಗಹಾಣ ಇಟ್ಟು ತೆಗೆದ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ನಿಂತರೆ ಬ್ಯಾಂಕು ಅದನ್ನು ಕೆಟ್ಟ ಸಾಲ ಎಂದು ಬರೆಯುತ್ತದೆ. ಆಮೇಲೆ 60 ದಿನದ ನೋಟಿಸು ಕೊಡುತ್ತದೆ. ಅಷ್ಟರಲ್ಲಿ ಹಣ ಬಾರದಿದ್ದರೆ ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಮೌಲ್ಯಮಾಪಕನಿಂದ ಬೆಲೆ ಕಟ್ಟಿಸಿ, ಮೀಸಲು ಬೆಲೆ ಗೊತ್ತುಮಾಡಿ, ಪತ್ರಿಕೆಯಲ್ಲಿ ಹರಾಜಿನ ಪ್ರಕಟಣೆ ಕೊಡುತ್ತದೆ. ಸವಾಲು ಹಿಡಿದವನು ಅಂದೇ ಅಥವಾ ಮರುದಿನ ಕಾಲು ಭಾಗ ಹಣ ತುಂಬಬೇಕು, ಉಳಿದದ್ದನ್ನು 15 ದಿನದಲ್ಲಿ ಕೊಡಬೇಕು. ಇದು ಹಳ್ಳಿಯ ಸಂಬಳದಾರನಿಂದ ಆಗುವ ಮಾತಲ್ಲ. ಕೈಯಲ್ಲಿ ಗಂಟು ಇದ್ದವನೇ ಬರಬೇಕು. ಹೀಗಾಗಿ ಸವಾಲಿಗೆ ಬರುವವರು ಮೊದಲೇ ಕಡಿಮೆ. ಈಗ ಮೊಬೈಲಿನಲ್ಲೇ ಸವಾಲು ನಡೆಯುತ್ತದೆ; ಸರಕಾರಿ ಬ್ಯಾಂಕುಗಳ ಜಪ್ತಿ ಆಸ್ತಿಗಳಿಗೆಂದೇ ಬ್ಯಾಂಕ್‌ನೆಟ್ ಎಂಬ ಜಾಲತಾಣ 2025ರ ಜನವರಿಯಲ್ಲಿ ಆರಂಭವಾಯಿತು. ಆದರೂ ಒಂದು ಹಳ್ಳಿಯ ಓಣಿಯ ಮನೆಯನ್ನು ಕೊಳ್ಳಲು ದಿಲ್ಲಿಯವನು ಬರುವುದಿಲ್ಲ. ಅದೇ ತಾಲೂಕಿನ ನಾಲ್ಕು ಜನ ಬರುತ್ತಾರೆ. ಆ ನಾಲ್ವರು ಚಹದಂಗಡಿಯಲ್ಲಿ ಕೂತು ‘ಈ ಸಲ ನೀ ಹಿಡಿ, ಮುಂದಿನ ಸಲ ನಾ ಹಿಡೀತೀನಿ’ ಎಂದು ಮಾತಾಡಿಕೊಂಡರೆ ಸವಾಲು ಅಲ್ಲಿಗೇ ಮುಗಿಯಿತು. ಮೊದಲ ಹರಾಜಿಗೆ ಯಾರೂ ಬರುವುದಿಲ್ಲ. ಬೆಲೆ ಇಳಿಸಿ ಎರಡನೆಯದು, ಮತ್ತೆ ಇಳಿಸಿ ಮೂರನೆಯದು. ಹಣ್ಣಾಗಿ ಉದುರುವತನಕ ಕಾಯುತ್ತಾರೆ.

ಇವರು ಮೊದಲು ಹೇಳುವ ಸಮರ್ಥನೆ ಹೀಗಿದೆ: ‘ಬ್ಯಾಂಕಿನ ದುಡ್ಡು ಜನರ ದುಡ್ಡು. ವಿಧವೆಯರ ಠೇವಣಿ, ನಿವೃತ್ತರ ಠೇವಣಿ. ಸಾಲ ತಿರುಗಿ ಬರದಿದ್ದರೆ ಬ್ಯಾಂಕು ಮುಳುಗುತ್ತದೆ. ನಾವು ಕೊಳ್ಳುವುದರಿಂದ ಠೇವಣಿದಾರ ಉಳಿಯುತ್ತಾನೆ.’ ಈ ಮಾತಿನ ಮೊದಲರ್ಧ ನಿಜ. ಸಾಲ ತೀರಿಸಲೇಬೇಕು. ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು ಶರಣನ ಧರ್ಮ. ಸಾಲ ಮುಳುಗಿಸುವವನ ಪರವಾಗಿ ನಾನು ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಶಕ್ತಿ ಇದ್ದೂ ಕೊಡದವನ ಕಾರ್ಖಾನೆ, ಅವನ ಬಂಗಲೆ ಹರಾಜಾದರೆ ಯಾರು ಬೇಕಾದರೂ ಕೊಳ್ಳಲಿ. ಆದರೆ ಮಾತಿನ ಎರಡನೆಯ ಅರ್ಧ ಸುಳ್ಳು. ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಮನೆ ಹಿಡಿಯೋಣ. ಪೇಟೆಯ ಬೆಲೆ 30 ಲಕ್ಷ. ಸಾಲ, ಬಡ್ಡಿ, ಖರ್ಚು ಕೂಡಿ ಬ್ಯಾಂಕಿಗೆ ಬರಬೇಕಾದದ್ದು 13 ಲಕ್ಷ. ಮೂರನೆಯ ಹರಾಜಿನಲ್ಲಿ ಮನೆ 18 ಲಕ್ಷಕ್ಕೆ ಹೋಯಿತು. ಬ್ಯಾಂಕು 13 ಲಕ್ಷ ಮುರಿದುಕೊಂಡಿತು. ಮನೆಯವನಿಗೆ ಉಳಿದದ್ದು 5 ಲಕ್ಷ. ಅದೇ ಮನೆಯನ್ನು ಅವನೇ ಬ್ಯಾಂಕಿನ ಒಪ್ಪಿಗೆ ಪಡೆದು 27 ಲಕ್ಷಕ್ಕೆ ಮಾರಿದ್ದರೆ ಬ್ಯಾಂಕಿಗೆ ಅದೇ 13 ಲಕ್ಷ, ಅವನಿಗೆ 14 ಲಕ್ಷ. ಬ್ಯಾಂಕಿಗೆ ಎರಡೂ ಕಡೆ ಬಂದದ್ದು ಒಂದೇ. ಹಾಗಾದರೆ ನಡುವಿನ 9 ಲಕ್ಷ ಯಾರದು ಯಾರಿಗೆ ಹೋಯಿತು? ಠೇವಣಿದಾರನಿಗೆ ಅದರಲ್ಲಿ ಒಂದು ಪೈಸೆಯೂ ಸಿಗಲಿಲ್ಲ. ಮನೆ ಕಳೆದುಕೊಂಡವನ ಮಕ್ಕಳ ಪಾಲು ಕೊಂಡವನ ಕಿಸೆಗೆ ಹೋಯಿತು, ಅಷ್ಟೇ. ಇನ್ನು ಮನೆಯ ಬೆಲೆಗಿಂತ ಸಾಲವೇ ದೊಡ್ಡದಾಗಿದ್ದರೆ ಸ್ಥಿತಿ ಇನ್ನೂ ಕೆಟ್ಟದ್ದು. ಅಗ್ಗಕ್ಕೆ ಹೋದಷ್ಟೂ ಬಾಕಿ ಹೆಚ್ಚು ಉಳಿಯುತ್ತದೆ. ಆ ಬಾಕಿಗೆ ಬ್ಯಾಂಕು ಸಾಲಗಾರನ ಬೆನ್ನು ಬಿಡುವುದಿಲ್ಲ, ಜಾಮೀನುದಾರನ ಬೆನ್ನನ್ನೂ ಬಿಡುವುದಿಲ್ಲ. ನೀವು ಒಂದು ಮನೆಯನ್ನು ಅಗ್ಗಕ್ಕೆ ಹಿಡಿದದ್ದರಿಂದಲೇ ಎರಡನೆಯ ಮನೆ ಲಿಲಾವಿಗೆ ಬರುತ್ತದೆ. ಅದನ್ನೂ ನೀವೇ ಹಿಡಿಯುತ್ತೀರಿ. ಠೇವಣಿದಾರನನ್ನು ಉಳಿಸುವ ಸೇವೆ ಇದೇ ಏನು?

ಯಾರ ಮನೆಗಳಿವು? ರಾಮದುರ್ಗ, ಸುರೇಬಾನದ ಕಡೆ ನೇಕಾರನ ಮನೆ ಮತ್ತು ಮಗ್ಗ ಒಂದೇ ಸೂರಿನಡಿ ಇರುತ್ತವೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟೆ ತುಂಬಿ ಮಲಪ್ರಭೆ ಹೊರಳಿದಾಗ ರಾಮದುರ್ಗ ತಾಲೂಕಿನ ಊರುಗಳಿಗೆ ನೀರು ಹೊಕ್ಕದ್ದನ್ನು ನಾವೆಲ್ಲ ಕಂಡಿದ್ದೇವೆ. ಗೋಡೆ ಬಿದ್ದವು, ಮಗ್ಗದ ಕುಣಿಯಲ್ಲಿ ಕೆಸರು ತುಂಬಿತು. ಎದ್ದು ನಿಲ್ಲುವುದರೊಳಗೆ 2020ರ ಲಾಕ್‌ಡೌನ್ ಬಂದು ಸೀರೆ ಕೊಳ್ಳುವವರೇ ಇಲ್ಲದಾದರು. ಮನೆ ರಿಪೇರಿಗೆ ತೆಗೆದ ಸಾಲದ ಕಂತು ನಿಂತಿತು. ಅಂಥ ಮನೆಯನ್ನು ಹರಾಜಿನಲ್ಲಿ ಹಿಡಿದರೆ ನೇಕಾರನಿಗೆ ಸೂರಿನ ಜೊತೆ ಮಗ್ಗವೂ ಹೋಗುತ್ತದೆ. ಜೇಡರ ದಾಸಿಮಯ್ಯನವರ ಭಾವಚಿತ್ರಕ್ಕೆ ಹೂ ಏರಿಸುವ ನಾವೇ ನೇಕಾರನ ಕಾಯಕದ ಸ್ಥಳವನ್ನು ಸವಾಲಿಗೆ ಹಿಡಿಯುತ್ತೇವೆ. ಹಿಡಿದು ಅದನ್ನು ನಮ್ಮ ಕಾಯಕ ಎನ್ನುತ್ತೇವೆ! ಬೈಲಹೊಂಗಲ, ಸವದತ್ತಿಗಳಲ್ಲಿ ಹತ್ತಿಯ ಬೆಲೆ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ಕಬ್ಬಿನ ಬಿಲ್ಲು ತಡವಾದ ವರ್ಷ ರೈತನ ಕಂತು ನಿಲ್ಲುತ್ತದೆ. ಕಿತ್ತೂರಿನ ಕಥೆ ಬೇರೆ. ಅಲ್ಲಿ ರಾಷ್ಟ್ರೀಯ ಹೆದ್ದಾರಿ ಇದೆ, ಧಾರವಾಡ–ಬೆಳಗಾವಿ ನೇರ ರೈಲು ಮಾರ್ಗ ಆ ಊರಿನ ಮೇಲೆಯೇ ಹಾಯಲಿದೆ. ನಿವೇಶನದ ಆಸೆ ಕೆರಳಿದ ಕಡೆ ಬಡವನ ಕಟಬಾಕಿಯ ಸುದ್ದಿ ಬ್ಯಾಂಕಿನ ನೋಟಿಸಿಗಿಂತ ಮೊದಲೇ ದಲ್ಲಾಳಿಗೆ ಮುಟ್ಟುತ್ತದೆ.

ಹೊಲದ ಮಾತೂ ಇಷ್ಟೇ. ಸರ್ಫೇಸಿ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಆದರೆ ಸಹಕಾರ ಸಂಘಗಳ ಕಾಯ್ದೆಯಡಿ ಅಥವಾ ಸಿವಿಲ್ ಕೋರ್ಟಿನ ಡಿಕ್ರಿಯಿಂದ ಹೊಲವೂ ಲಿಲಾವಿಗೆ ಬರಬಹುದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಉಳುಮೆ ಗೊತ್ತಿಲ್ಲದವನೂ ಹೊಲ ಕೊಳ್ಳಬಹುದು. ಬೇಲಿ ಸರಿಸಿದ್ದಾರೆ. ಒಳಗೆ ಹೋಗುವುದು ಬಿಡುವುದು ನಮ್ಮ ಕೈಯಲ್ಲಿದೆ.

ನಾವು ಯಾವ ನೆಲದ ಮೇಲೆ ನಿಂತು ಈ ವ್ಯಾಪಾರ ಮಾಡುತ್ತಿದ್ದೇವೆ ಎಂಬುದನ್ನೂ ನೆನೆಯಬೇಕು. 1824ರಲ್ಲಿ ದತ್ತಕ ಒಪ್ಪುವುದಿಲ್ಲ ಎಂದು ಕಂಪನಿ ಸರಕಾರ ಕಿತ್ತೂರಿನ ಖಜಾನೆಗೆ ಬೀಗ ಹಾಕಲು ಬಂತು. ರಾಣಿ ಚೆನ್ನಮ್ಮ ಒಪ್ಪಲಿಲ್ಲ. ಸೆರೆಯಾಗಿ, 1829ರಲ್ಲಿ ಬೈಲಹೊಂಗಲದಲ್ಲೇ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣ ಕೈಗೆತ್ತಿಕೊಂಡದ್ದು ಕೂಡ ಭೂಮಿಯ ಜಗಳವೇ. ನೆಲ ಕಿತ್ತುಕೊಂಡ ಸರಕಾರದ ಕಚೇರಿಗಳಿಗೆ, ಅಲ್ಲಿನ ದಫ್ತರಗಳಿಗೆ ಅವನು ಬೆಂಕಿ ಇಟ್ಟ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಇವರಿಬ್ಬರ ಮೂರ್ತಿಗಳಿಗೆ ಮಾಲೆ ಹಾಕದ ಪುಢಾರಿ ನಮ್ಮಲ್ಲಿ ಇಲ್ಲ.

ನೆರೆಯ ಗದಗ ಸೀಮೆಯನ್ನು ನೋಡಿರಿ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲೆಂದು 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಗೆ ಅದು ನಾಂದಿ. ಹೊಲ ಸಾಹುಕಾರನ ಪಾಲಾಗಬಾರದು ಎಂಬುದೇ ಆ ಸಂಘದ ಹುಟ್ಟಿನ ಕಾರಣ. ಇಂದು ಸಹಕಾರಿ ಬ್ಯಾಂಕುಗಳೂ ಸರ್ಫೇಸಿ ಕಾಯ್ದೆ ಬಳಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮೇ ತಿಂಗಳಲ್ಲಿ ಹೇಳಿದೆ. ವಸೂಲಿ ಮಾಡಲಿ, ಅದು ಅವರ ಹಕ್ಕು. ಆದರೆ ಸಹಕಾರದ ಹೆಸರಿನ ಸಂಸ್ಥೆ ಜಪ್ತಿ ಮಾಡಿದ ಮನೆಯನ್ನು ಅದೇ ಸಂಸ್ಥೆಯ ದೊಡ್ಡವರ ಬೀಗರು ಬಿಜ್ಜರು ಹಿಡಿದರೆ, ಸಾಹುಕಾರ ಎಲ್ಲಿಗೂ ಹೋಗಿಲ್ಲ, ಅಂಗಿ ಬದಲಿಸಿ ಬಂದಿದ್ದಾನೆ ಎಂದೇ ಅರ್ಥ. ಹರಾಜಿನ ಕೆಲಸದಲ್ಲಿರುವವನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಸವಾಲು ಕೂಗಬಾರದು ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳಿದೆ. ಕೋರ್ಟಿನ ಹರಾಜಿಗೆ ಇರುವ ಈ ಮರ್ಯಾದೆ ನಮ್ಮ ಸಂಘಗಳಿಗೆ ಬೇಡವೇ?

1980ರ ಜುಲೈಯನ್ನೂ ಮರೆಯಬಾರದು. ಮಲಪ್ರಭಾ ಕಾಲುವೆಯ ಅಭಿವೃದ್ಧಿ ಕರದ ವಸೂಲಿಯ ವಿರುದ್ಧ ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲಿಬಾರು ಆಯಿತು, ಜೀವಗಳು ಹೋದವು. ಅದೇ ಮಲಪ್ರಭೆಯ ನೀರು ಕುಡಿಯುವವರು ಸವದತ್ತಿ, ರಾಮದುರ್ಗದ ನಾವೂ ಹೌದು. ಮುಂದೆ ರೈತ ಸಂಘದವರು ಬ್ಯಾಂಕು ಜಪ್ತಿ ಮಾಡಿದ ಸಾಮಾನನ್ನು ಹೋಗಿ ಮರಳಿ ತರುವ ಮರುಜಪ್ತಿ ಚಳವಳಿಯನ್ನೇ ನಡೆಸಿದರು. ಆಗ ಜಪ್ತಿಯಾದ ಮನೆಯ ಮುಂದೆ ಊರು ಕೂಡುತ್ತಿತ್ತು, ಮನೆಯವನ ಕಡೆ ನಿಲ್ಲಲು. ಈಗಲೂ ಊರಿನವರು ನಾಲ್ಕು ಜನ ಕೂಡುತ್ತಾರೆ, ಚೌಕ ಅಡಿಗೆ ಎಷ್ಟು ಬೀಳುತ್ತದೆ ಎಂದು ಅಳೆಯಲು. ನಲವತ್ತೈದು ವರ್ಷಗಳಲ್ಲಿ ನಾವು ಇಷ್ಟು ದೂರ ಬಂದಿದ್ದೇವೆ.

2025ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲೇ ಬಾಣಂತಿ, ಹಸುಗೂಸು ಇದ್ದ ಮನೆಗೆ ಸಾಲದ ಕಾರಣಕ್ಕೆ ಬೀಗ ಬಿದ್ದ ಸುದ್ದಿ ಓದಿ ನಾಡೇ ಮರುಗಿತು. ಫೆಬ್ರವರಿಯಲ್ಲಿ ರಾಜ್ಯ ಸರಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾದ ಬ್ಯಾಂಕು, ಫೈನಾನ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಲಿಲಾವಿನಲ್ಲಿ ಮನೆ ಹಿಡಿಯುವವನಿಗಂತೂ ಅದರ ಗಾಳಿಯೂ ತಾಗುವುದಿಲ್ಲ. ಅವನನ್ನು ತಡೆಯುವ ಕಾಯ್ದೆ ಯಾವುದೂ ಇಲ್ಲ. ಕಾಯ್ದೆ ತಡೆಯದ ಕಡೆ ತಡೆಯುವುದಕ್ಕೇ ಧರ್ಮ ಎಂಬುದು ಇರುವುದು.

ಈಗ ಕಾಯಕದ ಮಾತಿಗೆ ಬರುತ್ತೇನೆ. ಬಸವಾದಿ ಶರಣರು ಗಳಿಕೆಯನ್ನು ಬೈಯಲಿಲ್ಲ. ವ್ಯಾಪಾರವನ್ನೂ ಬೈಯಲಿಲ್ಲ. ಮೈ ದಣಿದು, ಮನ ಶುದ್ಧವಾಗಿ, ಇನ್ನೊಬ್ಬರಿಗೆ ಬೇಕಾದದ್ದನ್ನು ಕೊಟ್ಟು ಪಡೆದದ್ದು ಕಾಯಕ. ಮಾದಾರ, ಮಡಿವಾಳ, ಅಂಬಿಗ, ನೇಕಾರ, ಯಾರನ್ನೇ ನೋಡಿರಿ, ಅವರ ಕಾಯಕದಿಂದ ಲೋಕಕ್ಕೆ ಏನೋ ಒಂದು ಸೇರಿತು. ಚಪ್ಪಲಿ ಇಲ್ಲದವನಿಗೆ ಚಪ್ಪಲಿ ಸಿಕ್ಕಿತು, ಹೊಳೆ ದಾಟಲಾರದವನು ದಾಟಿದನು. ಲಿಲಾವಿನ ಹೂಡಿಕೆಯಿಂದ ಲೋಕಕ್ಕೆ ಏನು ಸೇರಿತು? ಮನೆ ಮೊದಲೇ ಇತ್ತು. ಒಂದು ಇಟ್ಟಿಗೆ ಹೆಚ್ಚಾಗಲಿಲ್ಲ. ಒಳಗಿದ್ದವರು ಹೊರಗೆ ಬಂದರು, ಅಷ್ಟೇ ಬದಲಾದದ್ದು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಮಾರಯ್ಯ ಕಳವು ಮಾಡಿರಲಿಲ್ಲ, ಯಾರನ್ನೂ ಹೊಡೆದಿರಲಿಲ್ಲ. ಚೆಲ್ಲಿದ್ದನ್ನು ಆಯ್ದದ್ದು ನ್ಯಾಯಬದ್ಧವೇ. ಆದರೂ ಲಕ್ಕಮ್ಮನ ಅಳತೆಗೆ ಅದು ಸಲ್ಲಲಿಲ್ಲ. ‘ಕಾಯ್ದೆ ಪ್ರಕಾರವೇ ಕೊಂಡಿದ್ದೇನೆ’ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಕಾಯ್ದೆ ಕೊಂಡದ್ದು ಸರಿಯೇ ಎಂದಷ್ಟೇ ನೋಡುತ್ತದೆ. ತಂದದ್ದು ನಿನ್ನದೇ ಎಂದು ಕೇಳುತ್ತಾಳೆ ಲಕ್ಕಮ್ಮ.

‘ನಾವು ಹಿಡಿಯದಿದ್ದರೆ ಹುಬ್ಬಳ್ಳಿಯವರು ಬಂದು ಹಿಡಿಯುತ್ತಾರೆ’ ಎಂಬುದು ಅವರ ಇನ್ನೊಂದು ಮಾತು. ಬರಲಿ. ಹೊರಗಿನವನಿಗೆ ಆ ಮನೆ ಬರಿಯ ಒಂದು ಸಂಖ್ಯೆ. ನಿಮಗೆ ಹಾಗಲ್ಲ. ಆ ಮನೆಯ ಲಗ್ನದಲ್ಲಿ ನೀವು ಊಟ ಮಾಡಿದ್ದೀರಿ. ಆ ಮನೆಯ ಹಿರಿಯನ ಸಮಾಧಿಗೆ ಮಣ್ಣು ಹಾಕಿದ್ದೀರಿ. ಊರಿನ ಮನುಷ್ಯ ಊರಿನವನ ಮನೆಗೆ ಸವಾಲು ಕೂಗಿದ ದಿನ ಊರಿನಲ್ಲಿ ಸಾಲಕ್ಕೆ ಸಿಕ್ಕವನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಕೇಳಿದವನೇ ಗಿರಾಕಿಯಾಗುತ್ತಾನೆ ಎಂಬ ಅಂಜಿಕೆ. ಸಾಲಕ್ಕೆ ಸೋತವರು ಯಾರಿಗೂ ಹೇಳದೆ ಒಬ್ಬರೇ ಕೊರಗಿ ಜೀವ ಕಳೆದುಕೊಂಡ ಸುದ್ದಿ ಓದಿ ‘ನಮಗೊಂದು ಮಾತು ಹೇಳಬಾರದಿತ್ತೇ’ ಎನ್ನುತ್ತೇವೆ. ಹೇಳಿಕೊಳ್ಳುವ ಬಾಗಿಲನ್ನು ಮುಚ್ಚಿದವರು ಯಾರು?

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಇಂಥ ಮನೆ ಕೊಂಡವರಲ್ಲಿ ಕೆಲವರಿಗೆ ಒಳಗೊಳಗೆ ಹೆದರಿಕೆ. ಅತ್ತು ಹೋದವರ ಕಣ್ಣೀರು ತಟ್ಟೀತು ಎಂದು ಪುರೋಹಿತರನ್ನು ಕರೆದು ವಾಸ್ತುಶಾಂತಿ, ಹೋಮ ಮಾಡಿಸುತ್ತಾರೆ, ಬಾಗಿಲ ದಿಕ್ಕು ತಿರುಗಿಸುತ್ತಾರೆ. ಇಷ್ಟಲಿಂಗಧಾರಿಗಳ ಮನೆಯಲ್ಲಿ ಹೋಮದ ಹೊಗೆ! ಶಾಪ ತಟ್ಟುತ್ತದೆ ಎಂದು ನಾನು ಹೇಳುವವನಲ್ಲ, ಶರಣರು ಅದನ್ನು ಒಪ್ಪಿದವರಲ್ಲ. ಆದರೆ ನಿಮ್ಮ ಮನಸ್ಸಿಗೆ ತಟ್ಟಿದೆಯಲ್ಲ, ಅದು ಶಾಪವಲ್ಲ, ಅರಿವು. ಅರಿವನ್ನು ಹೊಗೆ ಹಾಕಿ ಓಡಿಸಬೇಡಿರಿ.

ಕೊನೆಗೆ ಇವರು ದಾಸೋಹದ ಮರೆಗೆ ಬರುತ್ತಾರೆ. ‘ಬಂದದ್ದರಲ್ಲಿ ಮಠಕ್ಕೆ ಕೊಡುತ್ತೇವಲ್ಲ’ ಎನ್ನುತ್ತಾರೆ. ಕೊಡುತ್ತಾರೆ, ಸುಳ್ಳಲ್ಲ. ಜಾತ್ರೆಯ ಪ್ರಸಾದಕ್ಕೆ ಅಕ್ಕಿ ಚೀಲ, ಕಲ್ಯಾಣ ಮಂಟಪದ ಗೋಡೆಗೆ ಹೆಸರಿನ ಕಲ್ಲು, ಬಸವ ಜಯಂತಿಯ ವೇದಿಕೆಯಲ್ಲಿ ಶಾಲು. ಪೂಜ್ಯ ಅಪ್ಪಗಳ ಪಾದಕ್ಕೆ ಎರಗಿ ನಾನು ಕೇಳುವುದು ಇಷ್ಟು: ಆ ಶಾಲು ಹೊದಿಸುವಾಗ ಕೆಳಗೆ ಕೂತ ಭಕ್ತರಲ್ಲಿ ಮನೆ ಕಳೆದುಕೊಂಡವನೂ ಇದ್ದಾನೆ. ಅವನಿಗೆ ಏನು ಅನ್ನಿಸಬೇಕು? ದಾಸೋಹ ಎಂಬುದು ಕಾಯಕದ ಮಗಳು. ತಾಯಿಯೇ ಶುದ್ಧಳಲ್ಲದಿದ್ದರೆ ಮಗಳ ಹೆಸರಿನಲ್ಲಿ ಶುದ್ಧಿ ಸಿಗುವುದಿಲ್ಲ.

ಸವದತ್ತಿ ತಾಲೂಕಿನಲ್ಲೇ ಶಿರಸಂಗಿ ಇದೆ. ಅಲ್ಲಿನ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಇಡೀ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ವಿದ್ಯೆಗೆ ಮೃತ್ಯುಪತ್ರ ಬರೆದು ಹೋದರು. ಅವರ ವಿದ್ಯಾರ್ಥಿವೇತನದಿಂದ ಓದಿದ ತಲೆಮಾರುಗಳು ನಮ್ಮ ಸಮಾಜವನ್ನು ಕಟ್ಟಿದವು. ತ್ಯಾಗವೀರ ಎಂದು ಜನ ಕರೆದದ್ದು ಅದಕ್ಕೆ. ಆಸ್ತಿ ಇದ್ದವನು ಹೇಗೆ ದೊಡ್ಡವನಾಗಬೇಕು ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ಬೈಯುವುದಷ್ಟೇ ನನ್ನ ಉದ್ದೇಶವಲ್ಲ. ಏನು ಮಾಡಬಹುದು ಎಂಬುದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಎರಡು ವರ್ಷಗಳ ಹಿಂದೆ ಸವದತ್ತಿ ತಾಲೂಕಿನ ಒಬ್ಬ ತಾಯಿ ನನ್ನ ಬಳಿ ಬಂದಳು. ಗಂಡ ತೀರಿಕೊಂಡಿದ್ದ. ಫೈನಾನ್ಸಿನವರು ಕಳಿಸಿದ ಇಂಗ್ಲಿಷ್ ನೋಟಿಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದೇವರ ಜಗಲಿಯ ಮೇಲೆ ಐದು ತಿಂಗಳು ಇಟ್ಟಿದ್ದಳು. ಓದಿ ಹೇಳುವವರಿರಲಿಲ್ಲ, ಕೇಳಲು ನಾಚಿಕೆ. ಆಕೆ ನನ್ನ ಹತ್ತಿರ ಬಂದಾಗ ಹರಾಜಿನ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗಿತ್ತು. 2016ರ ತಿದ್ದುಪಡಿಯ ನಂತರ ಆ ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿ ಕಟ್ಟಿದರೆ ಮಾತ್ರ ಬಿಡಿಸಿಕೊಳ್ಳುವ ಹಕ್ಕು. 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಮಾಡಿತು. ಆಕೆಯ ತಮ್ಮಂದಿರು ಹಣ ಹೊಂದಿಸಲು ತಯಾರಿದ್ದರು. ತಡವಾಗಿತ್ತು. ಮನೆಯನ್ನು ಹಿಡಿದವನು ಪಕ್ಕದ ಊರಿನ ನಮ್ಮವನೇ. ಆ ತಾಯಿ ಈಗ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಮಾಡಿ ಮಾರುತ್ತಾಳೆ. ಆಕೆ ಪ್ರತಿ ಅಮಾವಾಸ್ಯೆ ಮಠಕ್ಕೆ ಹೋಗುತ್ತಿದ್ದಳು. ಆ ಐದು ತಿಂಗಳಲ್ಲಿ ಐದು ಸಲ ಹೋಗಿದ್ದಾಳೆ. ‘ಅವ್ವಾ, ಮನೆಗೆ ಏನಾದರೂ ಕಾಗದ ಬಂದಿದೆಯೇ?’ ಎಂದು ಕೇಳುವ ಒಬ್ಬರು ಅಲ್ಲಿದ್ದಿದ್ದರೆ ಮನೆ ಉಳಿಯುತ್ತಿತ್ತು.

ಆದ್ದರಿಂದ ಮಠಗಳಲ್ಲಿ ನನ್ನ ಬಿನ್ನಹಗಳು ಇವು.

ಒಂದು. ಪ್ರತಿ ಮಠದಲ್ಲಿ ತಿಂಗಳಿಗೊಂದು ದಿನ ಸಾಲದ ಕಾಗದ ಓದುವ ದಾಸೋಹ ನಡೆಯಲಿ. ನಿವೃತ್ತ ಬ್ಯಾಂಕು ನೌಕರರು, ವಕೀಲರು, ನನ್ನಂಥ ದಸ್ತಾವೇಜು ಬರೆಯುವವರು ಕೂಡೋಣ. 60 ದಿನದ ನೋಟಿಸು ಬಂದವನು ಆಕ್ಷೇಪ ಬರೆದುಕೊಡಬಹುದು, ಅದಕ್ಕೆ ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ತೆಗೆದುಕೊಂಡ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿಗೆ ಮುಂಚೆ ಸಾಲಗಾರನಿಗೆ 30 ದಿನದ ನೋಟಿಸು ಕೊಡಬೇಕು. ಸಾಲ ಮುರಿದು ಉಳಿದ ಹಣ ಮನೆಯವನಿಗೇ ಸೇರಬೇಕು. ಇವು ಯಾರೂ ಕೊಡುವ ಭಿಕ್ಷೆಯಲ್ಲ, ಕಾಯ್ದೆಯಲ್ಲೇ ಬರೆದಿರುವ ಹಕ್ಕುಗಳು. ಓದಿ ಹೇಳುವವರು ಬೇಕು.

ಎರಡು. ಸಾಲ ತೀರಿಸಲಾರದವನು ತಾನೇ ಮಾರಿ ತೀರಿಸುವಂತೆ ನೆರವಾಗೋಣ. ನೋಟಿಸು ಬಂದ ಮೇಲೆ ಮಾರಲು ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಒಳ್ಳೆಯ ಬೆಲೆಯ ಗಿರಾಕಿಯನ್ನು ಮುಂದಿಟ್ಟು ಹಿರಿಯರು ಜೊತೆಗೆ ಹೋಗಿ ಕೂತರೆ ಒಪ್ಪಿಗೆ ಸಿಗುವುದು ಕಷ್ಟವಲ್ಲ. ಬ್ಯಾಂಕಿಗೂ ಬೇಕಾದದ್ದು ಅದರ ಹಣವೇ.

ಮೂರು. ಮಠದ ಸಮಿತಿ, ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಇರುವವರು ಊರವರ ವಾಸದ ಮನೆ, ಹೊಲಗಳ ಹರಾಜಿನಲ್ಲಿ ತಾವಾಗಲಿ ತಮ್ಮವರಿಂದಾಗಲಿ ಸವಾಲು ಕೂಗುವುದಿಲ್ಲ ಎಂದು ಲಿಂಗಸಾಕ್ಷಿಯಾಗಿ ಮಾತು ಕೊಡಲಿ. ಕೊಡದವರಿಗೆ ಶಾಲು ಬೇಡ, ಕಲ್ಲಿನ ಮೇಲೆ ಹೆಸರು ಬೇಡ.

ನಾಲ್ಕು. ಈಗಾಗಲೇ ಕೊಂಡವರಿಗೂ ಒಂದು ದಾರಿ ಇದೆ. ಸಿವಿಲ್ ಕೋರ್ಟಿನ ಹರಾಜಿನಲ್ಲಿ ಹಳೆಯ ಒಂದು ನಿಯಮವಿದೆ. ಮನೆ ಹೋದವನು 60 ದಿನದೊಳಗೆ ಡಿಕ್ರಿಯ ಹಣ ಮತ್ತು ಕೊಂಡವನಿಗೆ ಅವನ ಸವಾಲಿನ ಮೊತ್ತದ ನೂರಕ್ಕೆ 5ರಷ್ಟು ಹೆಚ್ಚಿಗೆ ತುಂಬಿದರೆ ಹರಾಜು ರದ್ದಾಗುತ್ತದೆ. ಕೊಂಡವನ ಶ್ರಮಕ್ಕೆ ನೂರಕ್ಕೆ ಐದು ಸಾಕು ಎಂದು ಬ್ರಿಟಿಷರ ಕಾಲದ ಕಾಯ್ದೆಗೇ ಅನ್ನಿಸಿತ್ತು. ಸರ್ಫೇಸಿಯಲ್ಲಿ ಆ ಬಾಗಿಲು ಇಲ್ಲ. ಆದರೆ ನಮ್ಮ ಮನಸ್ಸಿನಲ್ಲಿ ಇಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಮನೆ ಕಳೆದುಕೊಂಡವನು ಒಂದು ವರ್ಷದೊಳಗೆ ಹಣ ಹೊಂದಿಸಿ ಬಂದರೆ, ಕೊಟ್ಟ ಬೆಲೆ, ಕಾಗದದ ಖರ್ಚು, ಮೇಲೆ ನೂರಕ್ಕೆ ಐದು ತೆಗೆದುಕೊಂಡು ಕೀಲಿ ಕೊಟ್ಟುಬಿಡಿರಿ. ಕಾಗದ ನಾನು ಬರೆದುಕೊಡುತ್ತೇನೆ, ಬರವಣಿಗೆಯ ಹಣ ಬೇಡ.

ಸ್ವಂತ ಸೂರಿಲ್ಲದವನು ಇರಲೆಂದು ಒಂದು ಮನೆಯನ್ನು ತಕ್ಕ ಬೆಲೆ ಕೊಟ್ಟು ಹರಾಜಿನಲ್ಲಿ ಕೊಂಡರೆ ನನ್ನ ತಕರಾರಿಲ್ಲ. ಪತ್ರಿಕೆಯ ಹರಾಜಿನ ಪುಟ ತೆಗೆದು, ಯಾವ ಊರಿನಲ್ಲಿ ಯಾರ ಒಲೆ ಆರಿದೆ ಎಂದು ಹುಡುಕುತ್ತ ದಿನ ಬೆಳಗು ಮಾಡುವವರ ಮೇಲೆ ನನ್ನ ತಕರಾರು. ಇದು ಓದಿ ಸಿಟ್ಟು ಬಂದವರು ನನಗೆ ಉತ್ತರ ಬರೆಯಲಿ, ಇದೇ ಪತ್ರಿಕೆಯಲ್ಲಿ ಬರಲಿ. ಬರೆಯುವ ಮೊದಲು ತಾವು ಕೊಂಡ ಮನೆಗಳಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ ಎಂದು ಒಮ್ಮೆ ವಿಚಾರಿಸಿಕೊಂಡು ಬರಲಿ.